ಎಚ್‌ಐವಿ ಚಿಕಿತ್ಸೆಯ ಆರಂಭಕಾಲ

ಎಚ್‌ಐವಿ ಚಿಕಿತ್ಸೆಯ ಆರಂಭಕಾಲ ಎಂಬುದು ಎಚ್‌ಐವಿ ಸೋಂಕು ದೃಢಪಟ್ಟ ವ್ಯಕ್ತಿಗೆ ಆಂಟಿರೆಟ್ರೋವೈರಲ್ ಔಷಧಗಳನ್ನು ಯಾವ ಹಂತದಲ್ಲಿ ಕೊಡಲು ತೊಡಗಬೇಕು ಎಂಬ ವೈದ್ಯಕೀಯ ಪ್ರಶ್ನೆಯಾಗಿದೆ. ಈ ಔಷಧೋಪಚಾರವನ್ನು ಸಂಕ್ಷೇಪವಾಗಿ ಎಆರ್‌ಟಿ ಎನ್ನಲಾಗುತ್ತದೆ. ಪ್ರಶ್ನೆಗೆ ಎರಡು ಮುಖಗಳಿವೆ. ಮೊದಲನೆಯದು, ಹೊರನೋಟಕ್ಕೆ ಆರೋಗ್ಯವಾಗಿರುವ ಸೋಂಕಿತರಿಗೆ ಔಷಧವನ್ನು ಕೂಡಲೇ ಕೊಡಬೇಕೇ ಅಥವಾ ರೋಗನಿರೋಧಕ ಶಕ್ತಿ ಕುಂದುವವರೆಗೆ ಕಾಯಬಹುದೇ ಎಂಬುದು. ಎರಡನೆಯದು, ಕ್ಷಯ, ಶಿಲೀಂಧ್ರದ ಸೋಂಕು ಮುಂತಾದ ಇನ್ನೊಂದು ಕಾಯಿಲೆಯಿಂದ ಈಗಾಗಲೇ ನರಳುತ್ತಿರುವವರಿಗೆ ಎರಡೂ ಚಿಕಿತ್ಸೆಗಳನ್ನು ಒಟ್ಟಿಗೆ ಕೊಡಬೇಕೇ ಅಥವಾ ಒಂದಾದ ಮೇಲೆ ಒಂದನ್ನು ಕೊಡಬೇಕೇ ಎಂಬುದು.

1990ರ ದಶಕದಿಂದ ಹಲವು ಖಂಡಗಳಲ್ಲಿ ನಡೆದ ಯಾದೃಚ್ಛಿಕ ನಿಯಂತ್ರಿತ ಪ್ರಯೋಗಗಳು ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒದಗಿಸಿವೆ. ಸೋಂಕು ದೃಢಪಟ್ಟ ಎಲ್ಲರಿಗೂ ತಡಮಾಡದೆ ಚಿಕಿತ್ಸೆ ಆರಂಭಿಸಬೇಕು ಎಂಬುದು ಇಂದಿನ ಸಾಮಾನ್ಯ ನಿಯಮ. ಕ್ಷಯವಿದ್ದರೆ ಕ್ಷಯದ ಚಿಕಿತ್ಸೆ ಮೊದಲಾದ ಎರಡು ವಾರಗಳೊಳಗೆ ಎಆರ್‌ಟಿ ಆರಂಭಿಸಲಾಗುತ್ತದೆ. ಆದರೆ ಸೋಂಕು ಮಿದುಳಿನ ಪೊರೆಗಳನ್ನು ತಲುಪಿದ್ದರೆ ಕೆಲವು ವಾರ ಕಾಯುವುದೇ ರೋಗಿಗೆ ಕ್ಷೇಮಕರ. ಪ್ರಾಣ ಉಳಿಸುವ ಅದೇ ಔಷಧ ಅವಸರದಲ್ಲಿ ಕೊಟ್ಟಾಗ ಅಪಾಯವನ್ನೂ ತರಬಲ್ಲದು ಎಂಬುದು ಈ ಸಂಶೋಧನೆಗಳಿಂದ ಸ್ಪಷ್ಟವಾದ ಮುಖ್ಯ ಸಂಗತಿ.

ಹಿನ್ನೆಲೆ

ಎಚ್‌ಐವಿ ವೈರಾಣುವು ರಕ್ತದಲ್ಲಿರುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಪ್ರವೇಶಿಸಿ, ಅವುಗಳೊಳಗೆ ವೃದ್ಧಿಗೊಂಡು ಕ್ರಮೇಣ ಅವುಗಳನ್ನು ನಾಶಪಡಿಸುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಪ್ರತಿ ಘನ ಮಿಲಿಮೀಟರ್ ರಕ್ತಕ್ಕೆ ಸಾಮಾನ್ಯವಾಗಿ 500ಕ್ಕಿಂತ ಹೆಚ್ಚು ಸಿಡಿ4 ಕಣಗಳಿರುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಹಲವು ವರ್ಷಗಳ ಅವಧಿಯಲ್ಲಿ ಈ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಅದು 200ಕ್ಕಿಂತ ಕೆಳಗಿಳಿದಾಗ, ಸಶಕ್ತ ದೇಹ ಸುಲಭವಾಗಿ ತಡೆಯಬಲ್ಲ ಸೂಕ್ಷ್ಮಜೀವಿಗಳೂ ಮಾರಕ ರೋಗಗಳನ್ನು ಉಂಟುಮಾಡುತ್ತವೆ. ಇವುಗಳನ್ನು ಅವಕಾಶವಾದಿ ಸೋಂಕುಗಳೆಂದು ಕರೆಯುತ್ತಾರೆ. ನ್ಯುಮೋಸಿಸ್ಟಿಸ್ ನ್ಯುಮೋನಿಯ, ಕ್ರಿಪ್ಟೋಕಾಕಸ್ ಶಿಲೀಂಧ್ರದಿಂದ ಬರುವ ಮೆನಿಂಜೈಟಿಸ್, ಟಾಕ್ಸೋಪ್ಲಾಸ್ಮ ಸೋಂಕು ಇವುಗಳಲ್ಲಿ ಪ್ರಮುಖವಾದವು. ಕ್ಷಯವು ಸಿಡಿ4 ಸಂಖ್ಯೆ ಹೆಚ್ಚಿರುವಾಗಲೂ ಬರಬಹುದು. ಎಚ್‌ಐವಿ ಸೋಂಕಿತರ ಸಾವಿಗೆ ಜಗತ್ತಿನಾದ್ಯಂತ ಅದೇ ಪ್ರಮುಖ ಕಾರಣವಾಗಿದೆ.

1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಐವರು ಯುವಕರಿಗೆ ನ್ಯುಮೋಸಿಸ್ಟಿಸ್ ನ್ಯುಮೋನಿಯ ಬಂದ ವರದಿಯು ಏಡ್ಸ್ ಕುರಿತ ಮೊದಲ ವೈದ್ಯಕೀಯ ದಾಖಲೆ. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲುಕ್ ಮೊಂಟಾನಿಯೆ ಮತ್ತು ಅವರ ಸಹೋದ್ಯೋಗಿಗಳು ವೈರಾಣುವನ್ನು ಗುರುತಿಸಿದರು. ಅವರಿಬ್ಬರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಎಆರ್‌ಟಿ ಔಷಧಗಳು ವೈರಾಣುವಿನ ವೃದ್ಧಿಯನ್ನು ಬೇರೆ ಬೇರೆ ಹಂತಗಳಲ್ಲಿ ತಡೆಯುತ್ತವೆ. ಅವು ವೈರಾಣುವನ್ನು ದೇಹದಿಂದ ಸಂಪೂರ್ಣವಾಗಿ ಹೊರಹಾಕುವುದಿಲ್ಲ. ಆದ್ದರಿಂದ ಒಮ್ಮೆ ಆರಂಭಿಸಿದ ಔಷಧವನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಯಾವಾಗ ಆರಂಭಿಸಬೇಕೆಂಬ ಪ್ರಶ್ನೆಗೆ ಇಷ್ಟು ಮಹತ್ವ ಬಂದದ್ದು ಈ ಕಾರಣದಿಂದಲೇ.

ಕಾಯುವ ನೀತಿಯ ಮೂಲ

ಎಚ್‌ಐವಿ ವಿರುದ್ಧದ ಮೊದಲ ಔಷಧವಾದ ಜಿಡೋವುಡಿನ್‌ಗೆ 1987ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರೋಗಲಕ್ಷಣಗಳಿಲ್ಲದವರಿಗೂ ಇದನ್ನು ಕೊಡುವುದು ಪ್ರಯೋಜನಕರವೇ ಎಂದು ತಿಳಿಯಲು ಬ್ರಿಟನ್, ಐರ್ಲೆಂಡ್ ಮತ್ತು ಫ್ರಾನ್ಸ್‌ಗಳಲ್ಲಿ ಕಾಂಕಾರ್ಡ್ ಪ್ರಯೋಗವನ್ನು ನಡೆಸಲಾಯಿತು. 1994ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಔಷಧವನ್ನು ಮೊದಲೇ ಆರಂಭಿಸಿದವರಿಗೂ ತಡವಾಗಿ ಆರಂಭಿಸಿದವರಿಗೂ ಬದುಕುಳಿಯುವಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಒಂದೇ ಔಷಧಕ್ಕೆ ವೈರಾಣು ಬೇಗನೆ ಪ್ರತಿರೋಧ ಬೆಳೆಸಿಕೊಳ್ಳುತ್ತಿದ್ದುದು ಇದಕ್ಕೆ ಮುಖ್ಯ ಕಾರಣವಾಗಿತ್ತು.

1996ರ ಹೊತ್ತಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಸಂಯುಕ್ತ ಚಿಕಿತ್ಸೆ ಬಳಕೆಗೆ ಬಂದು ಸಾವಿನ ಪ್ರಮಾಣವನ್ನು ತೀವ್ರವಾಗಿ ತಗ್ಗಿಸಿತು. ಆ ವರ್ಷಗಳಲ್ಲಿ ಬೇಗನೆ ಮತ್ತು ಬಲವಾಗಿ ವೈರಾಣುವನ್ನು ಹತ್ತಿಕ್ಕಬೇಕೆಂಬ ಅಭಿಪ್ರಾಯ ಪ್ರಬಲವಾಗಿತ್ತು. ಆದರೆ ಅಂದಿನ ಮಾತ್ರೆಗಳ ಸಂಖ್ಯೆ ಹೆಚ್ಚು, ಅಡ್ಡಪರಿಣಾಮಗಳೂ ತೀವ್ರ. ರಕ್ತಹೀನತೆ, ನರಗಳ ನೋವು, ಮುಖ ಮತ್ತು ಕೈಕಾಲುಗಳ ಕೊಬ್ಬು ಕರಗುವುದು ಮುಂತಾದ ತೊಂದರೆಗಳಿಂದ ಅನೇಕರು ಔಷಧವನ್ನು ನಡುವೆಯೇ ಬಿಡುತ್ತಿದ್ದರು. ಹೀಗಾಗಿ ಸಿಡಿ4 ಸಂಖ್ಯೆ ನಿರ್ದಿಷ್ಟ ಮಿತಿಗಿಂತ ಕೆಳಗಿಳಿಯುವವರೆಗೆ ಕಾಯುವ ನೀತಿ ಕ್ರಮೇಣ ರೂಢಿಗೆ ಬಂದಿತು. ಔಷಧಗಳ ಬೆಲೆ ದುಬಾರಿಯಾಗಿದ್ದ ಬಡ ದೇಶಗಳಲ್ಲಿ, ಅತ್ಯಂತ ಅಸ್ವಸ್ಥರಾದವರಿಗೆ ಮೊದಲು ಔಷಧ ತಲುಪಿಸುವ ಉದ್ದೇಶವೂ ಈ ಮಿತಿಯ ಹಿಂದಿತ್ತು.

ಸ್ಮಾರ್ಟ್ ಪ್ರಯೋಗ

ಔಷಧವನ್ನು ಆಗಾಗ ನಿಲ್ಲಿಸಿ ದೇಹಕ್ಕೆ ಬಿಡುವು ಕೊಟ್ಟರೆ ಅಡ್ಡಪರಿಣಾಮಗಳು ಕಡಿಮೆಯಾಗಬಹುದೇ ಎಂಬುದನ್ನು ಸ್ಮಾರ್ಟ್ ಎಂಬ ಪ್ರಯೋಗ ಪರೀಕ್ಷಿಸಿತು. 33 ದೇಶಗಳ 5,472 ಜನರು ಇದರಲ್ಲಿ ಭಾಗವಹಿಸಿದ್ದರು. ಒಂದು ಗುಂಪಿನವರು ಔಷಧವನ್ನು ನಿರಂತರವಾಗಿ ಸೇವಿಸಿದರು. ಇನ್ನೊಂದು ಗುಂಪಿನವರು ಸಿಡಿ4 ಸಂಖ್ಯೆ 350ಕ್ಕಿಂತ ಮೇಲಿದ್ದಾಗ ಔಷಧವನ್ನು ನಿಲ್ಲಿಸಿ, 250ಕ್ಕಿಂತ ಕೆಳಗಿಳಿದಾಗ ಮತ್ತೆ ಆರಂಭಿಸಬೇಕಿತ್ತು. ಔಷಧ ನಿಲ್ಲಿಸಿದ ಗುಂಪಿನಲ್ಲಿ 120 ಮಂದಿಗೆ ಅವಕಾಶವಾದಿ ಕಾಯಿಲೆ ಅಥವಾ ಸಾವು ಸಂಭವಿಸಿತು. ನಿರಂತರ ಸೇವಿಸಿದ ಗುಂಪಿನಲ್ಲಿ ಈ ಸಂಖ್ಯೆ 47 ಮಾತ್ರ. 2006ರ ಜನವರಿಯಲ್ಲಿ ಈ ಪ್ರಯೋಗದ ದಾಖಲಾತಿಯನ್ನು ನಿಲ್ಲಿಸಲಾಯಿತು.

ಔಷಧ ನಿಲ್ಲಿಸಿದವರಲ್ಲಿ ಹೃದಯ, ಮೂತ್ರಪಿಂಡ ಮತ್ತು ಯಕೃತ್ತಿನ ಕಾಯಿಲೆಗಳೂ ಹೆಚ್ಚಾಗಿ ಕಂಡುಬಂದವು. ಇವು ಔಷಧದ ಅಡ್ಡಪರಿಣಾಮಗಳೆಂದೇ ಅಲ್ಲಿಯವರೆಗೆ ಬಹುಮಟ್ಟಿಗೆ ಭಾವಿಸಲಾಗಿತ್ತು. ಹತೋಟಿಯಿಲ್ಲದ ವೈರಾಣು ದೇಹದಲ್ಲಿ ಉಂಟುಮಾಡುವ ನಿರಂತರ ಉರಿಯೂತವೂ ಈ ಅಂಗಗಳಿಗೆ ಹಾನಿ ಮಾಡುತ್ತದೆ ಎಂಬ ತಿಳಿವಳಿಕೆ ಬಲಗೊಂಡದ್ದು ಇದರ ನಂತರ.

ರೋಗಲಕ್ಷಣಗಳಿಲ್ಲದವರಲ್ಲಿ ಆರಂಭಿಕ ಚಿಕಿತ್ಸೆ

ಹೈಟಿ ಅಧ್ಯಯನ

ಹೈಟಿ ದೇಶದ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಸಿಡಿ4 ಸಂಖ್ಯೆ 200ರಿಂದ 350ರ ನಡುವೆ ಇದ್ದ 816 ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಕೂಡಲೇ ಔಷಧ ಕೊಡಲಾಯಿತು. ಇನ್ನೊಂದು ಗುಂಪಿಗೆ ಅಂದಿನ ರೂಢಿಯಂತೆ ಸಿಡಿ4 ಸಂಖ್ಯೆ 200ಕ್ಕೆ ಇಳಿದ ಮೇಲೆ ಅಥವಾ ಏಡ್ಸ್ ಲಕ್ಷಣಗಳು ಕಂಡ ಮೇಲೆ ಕೊಡಲಾಯಿತು. ಬೇಗ ಆರಂಭಿಸಿದವರಲ್ಲಿ 6 ಮಂದಿ ಮೃತಪಟ್ಟರೆ ಕಾದವರಲ್ಲಿ 23 ಮಂದಿ ಮೃತಪಟ್ಟರು. ಹೊಸದಾಗಿ ಕ್ಷಯ ಬಂದವರು ಕ್ರಮವಾಗಿ 18 ಮತ್ತು 36. ಮೇಲ್ವಿಚಾರಣಾ ಮಂಡಳಿಯ ಸಲಹೆಯಂತೆ 2009ರಲ್ಲಿ ಎಲ್ಲರಿಗೂ ಔಷಧ ಕೊಡಲಾಯಿತು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು.

ಎಚ್‌ಪಿಟಿಎನ್ 052

ಅಮೆರಿಕದ ಮೈರನ್ ಕೊಹೆನ್ ಅವರ ನೇತೃತ್ವದ ಈ ಪ್ರಯೋಗದಲ್ಲಿ ದಂಪತಿ ಅಥವಾ ಸಂಗಾತಿಗಳ ಪೈಕಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ 1,763 ಜೋಡಿಗಳು ಭಾಗವಹಿಸಿದ್ದವು. ಭಾರತವೂ ಸೇರಿದಂತೆ ಒಂಬತ್ತು ದೇಶಗಳಲ್ಲಿ ಇದು ನಡೆಯಿತು. ಚೆನ್ನೈ ಮತ್ತು ಪುಣೆಗಳಲ್ಲಿ ಇದರ ಕೇಂದ್ರಗಳಿದ್ದವು. ಸೋಂಕಿತ ಸಂಗಾತಿಗೆ ಸಿಡಿ4 ಸಂಖ್ಯೆ 350ರಿಂದ 550ರ ನಡುವೆ ಇರುವಾಗಲೇ ಔಷಧ ಕೊಟ್ಟರೆ ಇನ್ನೊಬ್ಬರಿಗೆ ಸೋಂಕು ಹರಡುವುದು ತಪ್ಪುತ್ತದೆಯೇ ಎಂಬುದು ಪ್ರಶ್ನೆಯಾಗಿತ್ತು. 2011ರ ವರದಿಯಂತೆ, ಸಂಗಾತಿಯಿಂದಲೇ ಬಂದದ್ದೆಂದು ತಳಿ ಪರೀಕ್ಷೆಯಿಂದ ದೃಢಪಟ್ಟ 28 ಹೊಸ ಸೋಂಕುಗಳಲ್ಲಿ ಒಂದು ಮಾತ್ರ ಬೇಗ ಔಷಧ ಆರಂಭಿಸಿದ ಗುಂಪಿನಲ್ಲಿತ್ತು. ಅಂದರೆ ಹರಡುವ ಸಾಧ್ಯತೆ ಶೇ. 96ರಷ್ಟು ಕಡಿಮೆಯಾಗಿತ್ತು. ಚಿಕಿತ್ಸೆಯೇ ತಡೆಗಟ್ಟುವಿಕೆಯೂ ಹೌದು ಎಂಬ ನೀತಿಗೆ ಈ ಪ್ರಯೋಗ ಭದ್ರವಾದ ಆಧಾರ ಒದಗಿಸಿತು.

ಟೆಂಪ್ರಾನೋ ಮತ್ತು ಸ್ಟಾರ್ಟ್

ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ ನಡೆದ ಟೆಂಪ್ರಾನೋ ಪ್ರಯೋಗದಲ್ಲಿ 2,056 ಜನರು ಭಾಗವಹಿಸಿದ್ದರು. ಕೂಡಲೇ ಎಆರ್‌ಟಿ ಆರಂಭಿಸಿದವರಲ್ಲಿ ತೀವ್ರ ಕಾಯಿಲೆ ಅಥವಾ ಸಾವಿನ ಅಪಾಯ ಶೇ. 44ರಷ್ಟು ಕಡಿಮೆಯಿತ್ತು. ಕ್ಷಯ ಬರದಂತೆ ಆರು ತಿಂಗಳು ಐಸೋನಿಯಾಜಿಡ್ ಮಾತ್ರೆ ಕೊಟ್ಟವರಲ್ಲಿ ಅದೇ ಅಪಾಯ ಶೇ. 35ರಷ್ಟು ತಗ್ಗಿತ್ತು. ಎರಡರಿಂದಲೂ ಪ್ರತ್ಯೇಕವಾಗಿ ಪ್ರಯೋಜನ ಉಂಟೆಂಬುದು ಇದರಿಂದ ತಿಳಿದುಬಂದಿತು.

ಸ್ಟಾರ್ಟ್ ಎಂಬ ಪ್ರಯೋಗವು 35 ದೇಶಗಳ 215 ಕೇಂದ್ರಗಳಲ್ಲಿ, ಸಿಡಿ4 ಸಂಖ್ಯೆ 500ಕ್ಕಿಂತ ಮೇಲಿದ್ದ 4,685 ಜನರಲ್ಲಿ ನಡೆಯಿತು. ಕೂಡಲೇ ಆರಂಭಿಸಿದವರ ಪೈಕಿ 42 ಮಂದಿಗೆ ಏಡ್ಸ್ ಸಂಬಂಧಿತ ಅಥವಾ ಇತರ ಗಂಭೀರ ಕಾಯಿಲೆ ಇಲ್ಲವೇ ಸಾವು ಸಂಭವಿಸಿತು. ಸಿಡಿ4 ಸಂಖ್ಯೆ 350ಕ್ಕೆ ಇಳಿಯುವವರೆಗೆ ಕಾಯ್ದವರಲ್ಲಿ ಈ ಸಂಖ್ಯೆ 96. ಕಾಯ್ದವರಲ್ಲಿ ಕಂಡುಬಂದ ಗಂಭೀರ ಕಾಯಿಲೆಗಳಲ್ಲಿ ಕ್ಷಯವೂ, ಕಪೋಸಿ ಸಾರ್ಕೋಮ ಹಾಗೂ ಲಿಂಫೋಮ ಎಂಬ ಕ್ಯಾನ್ಸರ್‌ಗಳೂ ಪ್ರಮುಖವಾಗಿದ್ದವು. ಇವುಗಳಲ್ಲಿ ಬಹುಪಾಲು ಸಿಡಿ4 ಸಂಖ್ಯೆ 500ಕ್ಕಿಂತ ಮೇಲಿರುವಾಗಲೇ ಸಂಭವಿಸಿದವು. ಸುರಕ್ಷಿತವೆಂದು ನಂಬಲಾಗಿದ್ದ ಮಟ್ಟವೂ ಸಂಪೂರ್ಣ ಸುರಕ್ಷಿತವಲ್ಲ ಎಂಬುದು ಇದರಿಂದ ಸಿದ್ಧವಾಯಿತು. 2015ರ ಮೇ ತಿಂಗಳಲ್ಲಿ, ನಿಗದಿತ ಅವಧಿಗಿಂತ ಮೊದಲೇ ಫಲಿತಾಂಶವನ್ನು ಬಹಿರಂಗಪಡಿಸಿ ಎಲ್ಲರಿಗೂ ಔಷಧ ನೀಡಲಾಯಿತು.

ಮಾರ್ಗಸೂಚಿಗಳ ಬದಲಾವಣೆ

ರೋಗಲಕ್ಷಣಗಳಿಲ್ಲದ ವಯಸ್ಕರಿಗೆ ಎಆರ್‌ಟಿ ಆರಂಭಿಸುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸುಗಳು ಈ ಕ್ರಮದಲ್ಲಿ ಬದಲಾದವು:

• 2000ರ ದಶಕದ ಆರಂಭ: ಸಿಡಿ4 ಸಂಖ್ಯೆ 200ಕ್ಕಿಂತ ಕಡಿಮೆಯಾದಾಗ
• 2010: 350 ಅಥವಾ ಅದಕ್ಕಿಂತ ಕಡಿಮೆಯಾದಾಗ
• 2013: 500 ಅಥವಾ ಅದಕ್ಕಿಂತ ಕಡಿಮೆಯಾದಾಗ
• 2015: ಸಿಡಿ4 ಸಂಖ್ಯೆ ಎಷ್ಟೇ ಇದ್ದರೂ ಎಲ್ಲರಿಗೂ
• 2017: ಸೋಂಕು ದೃಢಪಟ್ಟ ಏಳು ದಿನಗಳೊಳಗೆ, ವ್ಯಕ್ತಿ ಸಿದ್ಧರಿದ್ದರೆ ಅದೇ ದಿನ

ಮಿತಿಯನ್ನು ತೆಗೆದುಹಾಕಿದ ಮಾತ್ರಕ್ಕೆ ಸಿಡಿ4 ಪರೀಕ್ಷೆಯ ಮಹತ್ವ ಹೋಗಲಿಲ್ಲ. ಔಷಧಕ್ಕೆ ಅರ್ಹತೆ ನಿರ್ಧರಿಸಲು ಅದು ಬೇಕಾಗಿಲ್ಲವಾದರೂ, ಯಾರಿಗೆ ಅವಕಾಶವಾದಿ ಸೋಂಕಿನ ಅಪಾಯ ಹೆಚ್ಚು ಎಂದು ಗುರುತಿಸಲು ಅದು ಈಗಲೂ ಅಗತ್ಯ. ಅಂತಹ ಸೋಂಕು ಮೊದಲೇ ಬಂದಿರುವವರ ವಿಷಯದಲ್ಲಿ ಅದೇ ದಿನ ಔಷಧ ಎಂಬ ನಿಯಮ ಅನ್ವಯಿಸುವುದಿಲ್ಲ.

ಅವಕಾಶವಾದಿ ಸೋಂಕು ಇರುವಾಗ ಚಿಕಿತ್ಸೆ

ಐರಿಸ್ ಎಂಬ ತೊಡಕು

ಎಆರ್‌ಟಿ ಆರಂಭವಾದ ಕೆಲವೇ ವಾರಗಳಲ್ಲಿ ವೈರಾಣುವಿನ ಪ್ರಮಾಣ ತೀವ್ರವಾಗಿ ಇಳಿದು ರೋಗನಿರೋಧಕ ಶಕ್ತಿ ಮರಳತೊಡಗುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ದೇಹವು ತನ್ನೊಳಗಿರುವ ಕ್ಷಯದ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ವಿರುದ್ಧ ಒಮ್ಮೆಲೇ ಪ್ರಬಲವಾಗಿ ಪ್ರತಿಕ್ರಿಯಿಸುತ್ತದೆ. ಆಗ ಜ್ವರ ಮರುಕಳಿಸಬಹುದು, ದುಗ್ಧಗ್ರಂಥಿಗಳು ಊದಿಕೊಳ್ಳಬಹುದು, ಎದೆಯ ಎಕ್ಸ್‌ರೇ ಮೊದಲಿಗಿಂತ ಕೆಟ್ಟದಾಗಿ ಕಾಣಬಹುದು. ಇದನ್ನು ಪ್ರತಿರೋಧ ಪುನಃಸ್ಥಾಪನಾ ಉರಿಯೂತ ಲಕ್ಷಣಕೂಟ ಅಥವಾ ಸಂಕ್ಷೇಪವಾಗಿ ಐರಿಸ್ ಎನ್ನುತ್ತಾರೆ.

ಐರಿಸ್‌ನಲ್ಲಿ ಎರಡು ಬಗೆಗಳಿವೆ. ಚಿಕಿತ್ಸೆಯಿಂದ ಗುಣವಾಗುತ್ತಿದ್ದ ಸೋಂಕು ಎಆರ್‌ಟಿಯ ನಂತರ ಉಲ್ಬಣಿಸಿದಂತೆ ಕಾಣುವುದು ಒಂದು ಬಗೆ. ಅಲ್ಲಿಯವರೆಗೆ ಪತ್ತೆಯಾಗದೆ ಅಡಗಿದ್ದ ಸೋಂಕು ಎಆರ್‌ಟಿಯ ನಂತರ ಪ್ರಕಟಗೊಳ್ಳುವುದು ಇನ್ನೊಂದು. ಸಿಡಿ4 ಸಂಖ್ಯೆ ಕಡಿಮೆಯಿದ್ದಷ್ಟೂ, ಎರಡು ಚಿಕಿತ್ಸೆಗಳ ನಡುವಿನ ಅಂತರ ಕಿರಿದಾದಷ್ಟೂ ಇದರ ಸಾಧ್ಯತೆ ಹೆಚ್ಚು. ಆದರೆ ಸಿಡಿ4 ಸಂಖ್ಯೆ ಕಡಿಮೆ ಇರುವವರೇ ಔಷಧ ತಡವಾದರೆ ಮೊದಲು ಸಾಯುವವರೂ ಹೌದು. ಐರಿಸ್‌ನ ಅಪಾಯ ಹೆಚ್ಚೋ, ಕಾಯುವುದರ ಅಪಾಯ ಹೆಚ್ಚೋ ಎಂಬುದನ್ನು ಊಹೆಯಿಂದ ನಿರ್ಧರಿಸುವಂತಿರಲಿಲ್ಲ, ಪ್ರಯೋಗಗಳೇ ಬೇಕಾದವು.

ನ್ಯುಮೋನಿಯ ಮತ್ತು ಇತರ ಸೋಂಕುಗಳು

ಎ5164 ಎಂಬ ಪ್ರಯೋಗವು ಕ್ಷಯವನ್ನು ಹೊರತುಪಡಿಸಿ ಇತರ ತೀವ್ರ ಅವಕಾಶವಾದಿ ಸೋಂಕುಗಳಿದ್ದ 282 ರೋಗಿಗಳನ್ನು ಒಳಗೊಂಡಿತ್ತು. ಇವರಲ್ಲಿ ಹೆಚ್ಚಿನವರಿಗೆ ನ್ಯುಮೋಸಿಸ್ಟಿಸ್ ನ್ಯುಮೋನಿಯ ಇತ್ತು. ಎರಡು ವಾರಗಳೊಳಗೆ ಎಆರ್‌ಟಿ ಆರಂಭಿಸಿದವರಲ್ಲಿ ಶೇ. 14.2ರಷ್ಟು ಮಂದಿಗೆ ಏಡ್ಸ್ ಉಲ್ಬಣ ಅಥವಾ ಸಾವು ಉಂಟಾದರೆ, ಸೋಂಕಿನ ಚಿಕಿತ್ಸೆ ಮುಗಿಯುವವರೆಗೆ ಕಾಯ್ದವರಲ್ಲಿ ಈ ಪ್ರಮಾಣ ಶೇ. 24.1 ಆಗಿತ್ತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಳಿಕ ಇಂತಹ ಸೋಂಕುಗಳಲ್ಲಿ ಬೇಗನೆ ಎಆರ್‌ಟಿ ಆರಂಭಿಸುವುದು ರೂಢಿಯಾಯಿತು.

ಕ್ಷಯರೋಗ

ಕ್ಷಯದ ಚಿಕಿತ್ಸೆಗೆ ಕನಿಷ್ಠ ಆರು ತಿಂಗಳು ಬೇಕು. ಅದು ಮುಗಿಯುವವರೆಗೆ ಎಆರ್‌ಟಿಯನ್ನು ಮುಂದೂಡುವ ಪದ್ಧತಿ ಬಹುಕಾಲ ಹಲವೆಡೆ ಇತ್ತು. ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಸಲೀಂ ಅಬ್ದುಲ್ ಕರೀಂ ಮತ್ತು ಸಂಗಡಿಗರು 642 ರೋಗಿಗಳಲ್ಲಿ ನಡೆಸಿದ ಸಾಪಿಟ್ ಪ್ರಯೋಗ ಈ ಪದ್ಧತಿಯನ್ನು ಕೊನೆಗಾಣಿಸಿತು. ಕ್ಷಯದ ಚಿಕಿತ್ಸೆ ನಡೆಯುತ್ತಿರುವಾಗಲೇ ಎಆರ್‌ಟಿ ಪಡೆದವರಲ್ಲಿ ಸಾವಿನ ಪ್ರಮಾಣ ಶೇ. 56ರಷ್ಟು ಕಡಿಮೆಯಿತ್ತು. 2008ರಲ್ಲಿ ಸುರಕ್ಷತಾ ಸಮಿತಿಯು ಮುಂದೂಡಿದ ಗುಂಪನ್ನು ನಿಲ್ಲಿಸಿ, ಅವರಿಗೂ ಕೂಡಲೇ ಔಷಧ ಕೊಡುವಂತೆ ಸೂಚಿಸಿತು.

ಒಟ್ಟಿಗೆ ಕೊಡಬೇಕೆಂಬುದು ಖಚಿತವಾದ ಮೇಲೆ, ಎಷ್ಟು ಬೇಗ ಎಂಬ ಪ್ರಶ್ನೆ ಉಳಿಯಿತು. ಕಾಂಬೋಡಿಯದಲ್ಲಿ ನಡೆದ ಕ್ಯಾಮೆಲಿಯಾ ಪ್ರಯೋಗದ 661 ರೋಗಿಗಳ ಸಿಡಿ4 ಸಂಖ್ಯೆಯ ಮಧ್ಯಾಂಕ ಕೇವಲ 25 ಆಗಿತ್ತು. ಎರಡು ವಾರಗಳ ನಂತರ ಎಆರ್‌ಟಿ ಆರಂಭಿಸಿದ 332 ಮಂದಿಯಲ್ಲಿ 59 ಜನರು ಮೃತಪಟ್ಟರು. ಎಂಟು ವಾರಗಳ ನಂತರ ಆರಂಭಿಸಿದ 329 ಮಂದಿಯಲ್ಲಿ 90 ಜನರು ಮೃತಪಟ್ಟರು. ಬೇಗ ಆರಂಭಿಸಿದವರಲ್ಲಿ ಐರಿಸ್ ಹೆಚ್ಚಾಗಿ ಕಂಡುಬಂದರೂ ಬದುಕುಳಿದವರ ಸಂಖ್ಯೆಯೂ ಹೆಚ್ಚಾಗಿತ್ತು.

ನಾಲ್ಕು ಖಂಡಗಳಲ್ಲಿ ನಡೆದ ಸ್ಟ್ರೈಡ್ ಪ್ರಯೋಗದಲ್ಲಿ ಸುಮಾರು 800 ರೋಗಿಗಳಿದ್ದರು. ಇಡೀ ಗುಂಪನ್ನು ಗಣಿಸಿದಾಗ ಎರಡು ವಾರಕ್ಕೂ ಎಂಟರಿಂದ ಹನ್ನೆರಡು ವಾರಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಸಿಡಿ4 ಸಂಖ್ಯೆ 50ಕ್ಕಿಂತ ಕಡಿಮೆ ಇದ್ದವರಲ್ಲಿ ಬೇಗ ಆರಂಭಿಸಿದಾಗ ಸಾವು ಅಥವಾ ಹೊಸ ಏಡ್ಸ್ ಕಾಯಿಲೆಯ ಪ್ರಮಾಣ ಶೇ. 15.5, ತಡವಾಗಿ ಆರಂಭಿಸಿದಾಗ ಶೇ. 26.6. ಸಾಪಿಟ್‌ನ ಎರಡನೆಯ ಹಂತದ ಫಲಿತಾಂಶವೂ ಇದನ್ನೇ ಹೋಲುತ್ತಿತ್ತು. ಈ ಮೂರೂ ವರದಿಗಳು 2011ರಲ್ಲಿ ಪ್ರಕಟವಾದವು. ಇವುಗಳ ಆಧಾರದ ಮೇಲೆ, ಸಿಡಿ4 ಸಂಖ್ಯೆ 50ಕ್ಕಿಂತ ಕಡಿಮೆ ಇರುವ ಕ್ಷಯರೋಗಿಗಳಿಗೆ ಎರಡು ವಾರಗಳೊಳಗೆ ಎಆರ್‌ಟಿ ಆರಂಭಿಸುವುದು ನಿಯಮವಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡಿ4 ಸಂಖ್ಯೆ ಎಷ್ಟೇ ಇರಲಿ, ಎರಡು ವಾರಗಳ ಅವಧಿಯನ್ನೇ ಎಲ್ಲ ಕ್ಷಯರೋಗಿಗಳಿಗೂ ವಿಸ್ತರಿಸಿತು. ಮಿದುಳಿನ ಪೊರೆಯ ಕ್ಷಯವನ್ನು ಮಾತ್ರ ಇದರಿಂದ ಹೊರಗಿಡಲಾಯಿತು.

ಮಿದುಳಿನ ಪೊರೆಯ ಸೋಂಕುಗಳು

ತಲೆಬುರುಡೆ ಮುಚ್ಚಿದ ಗೂಡು. ಶ್ವಾಸಕೋಶದಲ್ಲಿ ಅಥವಾ ಕುತ್ತಿಗೆಯ ಗ್ರಂಥಿಯಲ್ಲಿ ಉರಿಯೂತವಾದರೆ ಊದಿಕೊಳ್ಳಲು ಅವಕಾಶವಿರುತ್ತದೆ. ತಲೆಬುರುಡೆಯೊಳಗೆ ಅಂತಹ ಅವಕಾಶವಿಲ್ಲದ ಕಾರಣ ಅಲ್ಪ ಪ್ರಮಾಣದ ಊತವೂ ಮಿದುಳನ್ನು ಒತ್ತಿ ಪ್ರಾಣಕ್ಕೆ ಕುತ್ತು ತರಬಲ್ಲದು. ಉಳಿದ ಸೋಂಕುಗಳಲ್ಲಿ ಬೇಗನೆ ಆರಂಭಿಸಿದ ಎಆರ್‌ಟಿಯಿಂದ ದೊರೆಯುವ ಲಾಭ ಇಲ್ಲಿ ದೊರೆಯದಿರಲು ಇದು ಮುಖ್ಯ ಕಾರಣವೆಂದು ತಿಳಿಯಲಾಗಿದೆ.

ವಿಯೆಟ್ನಾಂನಲ್ಲಿ ಕ್ಷಯದ ಮೆನಿಂಜೈಟಿಸ್ ಇದ್ದ 253 ರೋಗಿಗಳಲ್ಲಿ ಕೂಡಲೇ ಮತ್ತು ಎರಡು ತಿಂಗಳ ನಂತರ ಎಆರ್‌ಟಿ ಆರಂಭಿಸುವುದನ್ನು ಹೋಲಿಸಲಾಯಿತು. ಎರಡೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂಬತ್ತು ತಿಂಗಳೊಳಗೆ ಮೃತಪಟ್ಟರು. ಬೇಗ ಆರಂಭಿಸಿದ್ದರಿಂದ ಜೀವ ಉಳಿಯಲಿಲ್ಲ; ತೀವ್ರ ಸ್ವರೂಪದ ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು.

ಕ್ರಿಪ್ಟೋಕಾಕಲ್ ಮೆನಿಂಜೈಟಿಸ್‌ನಲ್ಲಿ ಅವಸರದಿಂದಾಗುವ ಹಾನಿ ಇನ್ನೂ ಸ್ಪಷ್ಟವಾಗಿ ಕಂಡಿತು. ಜಿಂಬಾಬ್ವೆಯಲ್ಲಿ ಫ್ಲುಕೊನಜೋಲ್ ಮಾತ್ರೆಯೊಂದನ್ನೇ ಪಡೆಯುತ್ತಿದ್ದ 54 ರೋಗಿಗಳ ಸಣ್ಣ ಅಧ್ಯಯನವೊಂದರಲ್ಲಿ, 72 ಗಂಟೆಗಳೊಳಗೆ ಎಆರ್‌ಟಿ ಪಡೆದವರ ಸಾವಿನ ಪ್ರಮಾಣ ಹತ್ತು ವಾರ ಕಾಯ್ದವರಿಗಿಂತ ಬಹಳ ಹೆಚ್ಚಾಗಿತ್ತು. ಅಲ್ಲಿ ಬಳಸಿದ ಶಿಲೀಂಧ್ರನಾಶಕ ದುರ್ಬಲವಾದುದರಿಂದ ಹೀಗಾಗಿರಬಹುದೆಂಬ ಆಕ್ಷೇಪ ಬಂದಿತು. ಉಗಾಂಡ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ನಡೆದ ಕೋಟ್ ಪ್ರಯೋಗವು ಹೆಚ್ಚು ಪ್ರಬಲವಾದ ಆಂಫೊಟೆರಿಸಿನ್ ಔಷಧವನ್ನು ಬಳಸಿ ಅದೇ ಪ್ರಶ್ನೆಯನ್ನು ಮತ್ತೆ ಪರೀಕ್ಷಿಸಿತು. ಒಂದರಿಂದ ಎರಡು ವಾರಗಳಲ್ಲಿ ಎಆರ್‌ಟಿ ಆರಂಭಿಸಿದ 88 ಮಂದಿಯಲ್ಲಿ 40 ಜನರು 26 ವಾರಗಳೊಳಗೆ ಮೃತಪಟ್ಟರು. ಸುಮಾರು ಐದು ವಾರ ಕಾಯ್ದ 89 ಮಂದಿಯಲ್ಲಿ 27 ಜನರು ಮೃತಪಟ್ಟರು. ಹೆಚ್ಚುವರಿ ಸಾವುಗಳು ಮುಖ್ಯವಾಗಿ ಮೊದಲ ತಿಂಗಳಲ್ಲೇ ಸಂಭವಿಸಿದವು. ಬೆನ್ನುಹುರಿಯ ದ್ರವದಲ್ಲಿ ಬಿಳಿ ರಕ್ತಕಣಗಳು ತೀರ ಕಡಿಮೆ ಇದ್ದವರಿಗೆ, ಅಂದರೆ ಸೋಂಕಿನ ವಿರುದ್ಧ ದೇಹ ಇನ್ನೂ ಪ್ರತಿಕ್ರಿಯಿಸಿರದವರಿಗೆ, ಹಾನಿ ಹೆಚ್ಚಾಗಿತ್ತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಇವುಗಳ ಆಧಾರದ ಮೇಲೆ, ಕ್ರಿಪ್ಟೋಕಾಕಲ್ ಮೆನಿಂಜೈಟಿಸ್ ಇದ್ದರೆ ಶಿಲೀಂಧ್ರದ ಚಿಕಿತ್ಸೆ ಆರಂಭವಾದ ನಾಲ್ಕರಿಂದ ಆರು ವಾರಗಳ ನಂತರ, ಕ್ಷಯದ ಮೆನಿಂಜೈಟಿಸ್ ಇದ್ದರೆ ಕ್ಷಯದ ಚಿಕಿತ್ಸೆ ಆರಂಭವಾದ ನಾಲ್ಕರಿಂದ ಎಂಟು ವಾರಗಳ ನಂತರ ಎಆರ್‌ಟಿ ಆರಂಭಿಸಲು ಸಲಹೆ ನೀಡಲಾಗಿದೆ. ಎಚ್‌ಐವಿ ದೃಢಪಟ್ಟ ವ್ಯಕ್ತಿಗೆ ಬಿಡದ ತಲೆನೋವು, ವಾಂತಿ, ಮಂಪರು ಅಥವಾ ಗೊಂದಲ ಇದ್ದರೆ ಎಆರ್‌ಟಿಗೆ ಮೊದಲೇ ಮೆನಿಂಜೈಟಿಸ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಈ ಕಾರಣದಿಂದ ಕಡ್ಡಾಯ. ರಕ್ತದಲ್ಲಿ ಕ್ರಿಪ್ಟೋಕಾಕಸ್ ಪ್ರತಿಜನಕವನ್ನು ಪತ್ತೆಹಚ್ಚುವ ಸರಳ ಪರೀಕ್ಷೆಯಿಂದ ಲಕ್ಷಣಗಳು ಕಾಣಿಸುವ ಮೊದಲೇ ಸೋಂಕನ್ನು ಗುರುತಿಸಬಹುದು.

ಔಷಧಗಳ ಪರಸ್ಪರ ಪ್ರಭಾವ

ಕ್ಷಯ ಮತ್ತು ಎಚ್‌ಐವಿಗಳಿಗೆ ಒಟ್ಟಿಗೆ ಔಷಧ ಕೊಡುವಾಗ ಸಮಯದ ಜೊತೆಗೆ ಔಷಧದ ಆಯ್ಕೆಯೂ ಮುಖ್ಯವಾಗುತ್ತದೆ. ಕ್ಷಯದ ಪ್ರಮುಖ ಔಷಧವಾದ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಅನೇಕ ಎಚ್‌ಐವಿ ಔಷಧಗಳು ರಕ್ತದಿಂದ ಬೇಗನೆ ಕರಗಿಹೋಗುವಂತೆ ಮಾಡುತ್ತದೆ. ಔಷಧದ ಮಟ್ಟ ಇಳಿದರೆ ವೈರಾಣು ಹತೋಟಿಗೆ ಬರುವುದಿಲ್ಲ ಮತ್ತು ಪ್ರತಿರೋಧ ಬೆಳೆಸಿಕೊಳ್ಳುತ್ತದೆ.

ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರದ ಸೌಮ್ಯಾ ಸ್ವಾಮಿನಾಥನ್ ಮತ್ತು ಸಹೋದ್ಯೋಗಿಗಳು ಎರಡೂ ಸೋಂಕುಗಳಿದ್ದ 116 ರೋಗಿಗಳಲ್ಲಿ ದಿನಕ್ಕೊಮ್ಮೆ ಕೊಡುವ ನೆವಿರಾಪಿನ್ ಮತ್ತು ಎಫಾವಿರೆಂಜ್ ಔಷಧಗಳನ್ನು ಹೋಲಿಸಿದರು. ಈ ಕೇಂದ್ರವೇ ಇಂದಿನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ. ನೆವಿರಾಪಿನ್ ಪಡೆದವರಲ್ಲಿ ವೈಫಲ್ಯ ಮತ್ತು ಸಾವುಗಳು ಹೆಚ್ಚಾಗಿದ್ದರಿಂದ ಹೊಸ ದಾಖಲಾತಿಯನ್ನು ನಿಲ್ಲಿಸಲಾಯಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನವು ಕ್ಷಯವಿದ್ದವರಿಗೆ ಎಫಾವಿರೆಂಜ್ ಉತ್ತಮವೆಂಬುದನ್ನು ಸಮರ್ಥಿಸಿತು. ಈಗ ಎಫಾವಿರೆಂಜ್‌ನ ಸ್ಥಾನದಲ್ಲಿ ಡೊಲುಟೆಗ್ರಾವಿರ್ ಮುಖ್ಯ ಔಷಧವಾಗಿದೆ. ಸಾಮಾನ್ಯವಾಗಿ ಇದನ್ನು ದಿನಕ್ಕೊಮ್ಮೆ 50 ಮಿಲಿಗ್ರಾಂ ಕೊಡಲಾಗುತ್ತದೆ. ರಿಫಾಂಪಿಸಿನ್ ಸೇವಿಸುತ್ತಿರುವವರಿಗೆ 12 ಗಂಟೆಗಳ ಅಂತರದಲ್ಲಿ ದಿನಕ್ಕೆರಡು ಬಾರಿ ಕೊಡಲಾಗುತ್ತದೆ.

ತಡವಾಗಿ ಚಿಕಿತ್ಸೆಗೆ ಬರುವವರು

ಎಲ್ಲರಿಗೂ ಕೂಡಲೇ ಚಿಕಿತ್ಸೆ ಎಂಬ ನೀತಿ ಬಂದ ಮೇಲೂ ಅನೇಕರು ಸಿಡಿ4 ಸಂಖ್ಯೆ 200ಕ್ಕಿಂತ ಕೆಳಗಿಳಿದ ನಂತರವೇ ಆಸ್ಪತ್ರೆಗೆ ಬರುತ್ತಾರೆ. ಇನ್ನು ಕೆಲವರು ಔಷಧವನ್ನು ನಡುವೆ ಬಿಟ್ಟು, ಅಸ್ವಸ್ಥರಾದ ಮೇಲೆ ಹಿಂದಿರುಗುತ್ತಾರೆ. ಈ ಹಂತವನ್ನು ಮುಂದುವರಿದ ಎಚ್‌ಐವಿ ರೋಗ ಎನ್ನುತ್ತಾರೆ. ಇಂಥವರಿಗಾಗಿ ನಡೆದ ಪ್ರಯೋಗಗಳಲ್ಲಿ ಮೂರು ಉಲ್ಲೇಖನೀಯ.

ಉಗಾಂಡ, ಜಿಂಬಾಬ್ವೆ, ಮಲಾವಿ ಮತ್ತು ಕೆನ್ಯಗಳಲ್ಲಿ ಸಿಡಿ4 ಸಂಖ್ಯೆ 100ಕ್ಕಿಂತ ಕಡಿಮೆ ಇದ್ದ 1,805 ಜನರಲ್ಲಿ ರಿಯಾಲಿಟಿ ಪ್ರಯೋಗ ನಡೆಯಿತು. ಎಆರ್‌ಟಿ ಜೊತೆಗೆ ಕ್ಷಯ, ಕ್ರಿಪ್ಟೋಕಾಕಸ್ ಮುಂತಾದವುಗಳನ್ನು ತಡೆಯುವ ಔಷಧಗಳನ್ನೂ ಮೊದಲ ದಿನದಿಂದಲೇ ಕೊಟ್ಟಾಗ, 24 ವಾರಗಳಲ್ಲಿ ಸಾವಿನ ಪ್ರಮಾಣ ಶೇ. 12.2ರಿಂದ ಶೇ. 8.9ಕ್ಕೆ ಇಳಿಯಿತು. ದಕ್ಷಿಣ ಆಫ್ರಿಕದ ಪ್ರೆಡ್‌ಆರ್ಟ್ ಪ್ರಯೋಗದಲ್ಲಿ, ಐರಿಸ್‌ನ ಅಪಾಯ ಹೆಚ್ಚಿದ್ದ 240 ಕ್ಷಯರೋಗಿಗಳ ಪೈಕಿ ಅರ್ಧದಷ್ಟು ಮಂದಿಗೆ ನಾಲ್ಕು ವಾರ ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್ ಕೊಡಲಾಯಿತು. ಐರಿಸ್ ಪ್ರಮಾಣ ಶೇ. 46.7ರಿಂದ ಶೇ. 32.5ಕ್ಕೆ ತಗ್ಗಿತು. ಸ್ಟೆರಾಯ್ಡ್ ಎಲ್ಲ ಸೋಂಕುಗಳಲ್ಲಿಯೂ ಉಪಯುಕ್ತವಲ್ಲ. ಕ್ರಿಪ್ಟೋಕಾಕಲ್ ಮೆನಿಂಜೈಟಿಸ್‌ನಲ್ಲಿ ಡೆಕ್ಸಾಮೆಥಸೋನ್ ಪರೀಕ್ಷಿಸಿದ ಪ್ರಯೋಗವನ್ನು ಹಾನಿ ಕಂಡುಬಂದದ್ದರಿಂದ ಮೊದಲೇ ನಿಲ್ಲಿಸಬೇಕಾಯಿತು.

ಮೂರನೆಯದಾದ ಆಂಬಿಷನ್ ಪ್ರಯೋಗ ಕ್ರಿಪ್ಟೋಕಾಕಲ್ ಮೆನಿಂಜೈಟಿಸ್‌ನ ಚಿಕಿತ್ಸೆಯನ್ನು ಸರಳಗೊಳಿಸಿತು. ಮೊದಲು ಒಂದು ವಾರ ಪ್ರತಿದಿನ ಆಂಫೊಟೆರಿಸಿನ್ ಔಷಧವನ್ನು ರಕ್ತನಾಳದ ಮೂಲಕ ಕೊಡಬೇಕಿತ್ತು. ಇದರಿಂದ ರಕ್ತಹೀನತೆ ಮತ್ತು ಮೂತ್ರಪಿಂಡದ ತೊಂದರೆ ಬರುತ್ತಿತ್ತು. ಆಫ್ರಿಕದ ಐದು ದೇಶಗಳಲ್ಲಿ, ಲಿಪೊಸೋಮಲ್ ಆಂಫೊಟೆರಿಸಿನ್‌ನ ಒಂದೇ ದೊಡ್ಡ ಪ್ರಮಾಣವನ್ನು ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್ ಜೊತೆ ಕೊಟ್ಟು ನೋಡಲಾಯಿತು. ಹತ್ತು ವಾರಗಳಲ್ಲಿ ಸಾವಿನ ಪ್ರಮಾಣ ಶೇ. 24.8 ಇದ್ದರೆ ಹಳೆಯ ಕ್ರಮದಲ್ಲಿ ಶೇ. 28.7 ಇತ್ತು, ಅಡ್ಡಪರಿಣಾಮಗಳೂ ಕಡಿಮೆಯಾದವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು.

ಪ್ರಯೋಗಗಳ ನೈತಿಕತೆ

ಒಂದು ಗುಂಪಿಗೆ ಔಷಧ ಕೊಟ್ಟು ಇನ್ನೊಂದು ಗುಂಪನ್ನು ಕಾಯಿಸುವ ಪ್ರಯೋಗವು, ಯಾವುದು ಉತ್ತಮವೆಂದು ವೈದ್ಯಲೋಕಕ್ಕೆ ನಿಜವಾಗಿಯೂ ತಿಳಿದಿಲ್ಲದಿದ್ದಾಗ ಮಾತ್ರ ನ್ಯಾಯಸಮ್ಮತ. ಆದ್ದರಿಂದ ಇಂತಹ ಪ್ರಯೋಗಗಳಿಗೆ ಸಂಶೋಧಕರಿಂದ ಪ್ರತ್ಯೇಕವಾದ ಮೇಲ್ವಿಚಾರಣಾ ಮಂಡಳಿ ಇರುತ್ತದೆ. ಅದು ನಡುನಡುವೆ ಅಂಕಿಅಂಶಗಳನ್ನು ಪರಿಶೀಲಿಸಿ, ಒಂದು ಗುಂಪಿಗೆ ಸ್ಪಷ್ಟವಾದ ಹಾನಿ ಕಂಡರೆ ಪ್ರಯೋಗವನ್ನು ನಿಲ್ಲಿಸಲು ಸೂಚಿಸುತ್ತದೆ. ಸ್ಮಾರ್ಟ್, ಹೈಟಿ ಅಧ್ಯಯನ, ಎಚ್‌ಪಿಟಿಎನ್ 052, ಸ್ಟಾರ್ಟ್, ಕೋಟ್ ಮೊದಲಾದ ಪ್ರಯೋಗಗಳಲ್ಲಿ ಹೀಗೆಯೇ ಮಧ್ಯದಲ್ಲಿ ಬದಲಾವಣೆ ಮಾಡಲಾಯಿತು. ಇವುಗಳ ಫಲಿತಾಂಶ ಎರಡೂ ದಿಕ್ಕಿನಲ್ಲಿತ್ತು: ಕೆಲವೆಡೆ ಕಾದವರು ಹಾನಿಗೊಳಗಾದರು, ಕೋಟ್‌ನಲ್ಲಿ ಅವಸರಿಸಿದವರು. ಪ್ರಯೋಗ ಮಾಡದೆ ಒಂದೇ ನಿಯಮವನ್ನು ಎಲ್ಲರಿಗೂ ಅನ್ವಯಿಸಿದ್ದರೆ ಯಾವುದಾದರೊಂದು ಗುಂಪಿನ ರೋಗಿಗಳು ಅರಿವಿಲ್ಲದೆಯೇ ಪ್ರಾಣ ಕಳೆದುಕೊಳ್ಳುತ್ತಿದ್ದರು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಇದನ್ನು ಪತ್ತೆಹಚ್ಚಿದರು. 2004ರ ಏಪ್ರಿಲ್ 1ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಆರಂಭವಾಯಿತು. ಸೋಂಕಿನ ಪ್ರಮಾಣ ಹೆಚ್ಚಿದ್ದ ಆರು ರಾಜ್ಯಗಳನ್ನು ಮೊದಲು ಆಯ್ದುಕೊಳ್ಳಲಾಗಿತ್ತು. ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರ, ಮಣಿಪುರ ಮತ್ತು ನಾಗಾಲ್ಯಾಂಡ್‌ಗಳೊಂದಿಗೆ ಕರ್ನಾಟಕವೂ ಅವುಗಳಲ್ಲೊಂದು. ಆರಂಭದಲ್ಲಿ ಸಿಡಿ4 ಮಿತಿಯನ್ನು ಅನುಸರಿಸಿದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಅದನ್ನು ಹಂತಹಂತವಾಗಿ ಏರಿಸಿ, 2017ರಲ್ಲಿ ಎಲ್ಲರಿಗೂ ಚಿಕಿತ್ಸೆ ನೀತಿಯನ್ನು ಜಾರಿಗೆ ತಂದಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿತರ ವಿರುದ್ಧದ ತಾರತಮ್ಯವನ್ನು ನಿಷೇಧಿಸುತ್ತದೆ. ಈ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು.

ಕರ್ನಾಟಕದಲ್ಲಿ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಅಧೀನದಲ್ಲಿ ಐಸಿಟಿಸಿ ಕೇಂದ್ರಗಳು ಉಚಿತ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯನ್ನೂ, ಎಆರ್‌ಟಿ ಕೇಂದ್ರಗಳು ಔಷಧವನ್ನೂ ಒದಗಿಸುತ್ತವೆ. ಎಆರ್‌ಟಿ ಕೇಂದ್ರಕ್ಕೆ ಬರುವ ಪ್ರತಿಯೊಬ್ಬರನ್ನೂ ಪ್ರತಿ ಭೇಟಿಯಲ್ಲಿ ಕೆಮ್ಮು, ಜ್ವರ, ತೂಕ ಇಳಿಕೆ ಮತ್ತು ರಾತ್ರಿ ಬೆವರುವಿಕೆ ಇದೆಯೇ ಎಂದು ವಿಚಾರಿಸುವುದು ನಿಯಮ. ಈ ನಾಲ್ಕು ಲಕ್ಷಣಗಳಲ್ಲಿ ಒಂದಿದ್ದರೂ ಕ್ಷಯದ ಪರೀಕ್ಷೆ ಮಾಡಬೇಕು. ಯಾವುದೂ ಇಲ್ಲದವರಿಗೆ ಕ್ಷಯ ತಡೆಗಟ್ಟುವ ಔಷಧ ಕೊಡಬಹುದು. ಕ್ಷಯ ದೃಢಪಟ್ಟವರು ಎರಡು ಕಡೆ ಅಲೆಯದಂತೆ ಎರಡೂ ಕಾಯಿಲೆಗಳ ಔಷಧವನ್ನು ಎಆರ್‌ಟಿ ಕೇಂದ್ರದಲ್ಲಿಯೇ ಒದಗಿಸುವ ಏಕಗವಾಕ್ಷಿ ವ್ಯವಸ್ಥೆಯನ್ನು ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿದೆ.

ಇವನ್ನೂ ನೋಡಿ

• ಏಡ್ಸ್
• ಕ್ಷಯ
• ಮೆನಿಂಜೈಟಿಸ್
• ರೋಗನಿರೋಧಕ ವ್ಯವಸ್ಥೆ
• ವಿಶ್ವ ಆರೋಗ್ಯ ಸಂಸ್ಥೆ